ಆರರಲ್ಲೊಂದು ಪಾಲು

ಶಿಡ್ಲಘಟ್ಟದ ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಕೆಲಸಕ್ಕೆ ಸೇರಿದ ದಿನ ಬೆಳಿಗ್ಗೆ ಅವರಿಂದ ಬೈಸಿಕೊಂಡೆ, ಸಂಜೆ ಅವರ ಮನೆಯಲ್ಲೇ ಬಾಡಿಗೆಗೆ ಸೇರಿಕೊಂಡೆ. ಗೌರಿಬಿದನೂರಿನಿಂದ ಹೊರಟ ಬಸ್ಸು ಚಿಕ್ಕಬಳ್ಳಾಪುರದಲ್ಲಿ ಕೆಟ್ಟು ನಿಂತಿತ್ತು. ನಾನು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮೊದಲ ಪಿರಿಯಡ್ಡೂ ಅರ್ಧ ಕಳೆದಿತ್ತು. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ನಿಂತು, ಬಸ್ಸು ಕೆಟ್ಟುಹೋಯಿತು ಮೇಡಂ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಕೆಟ್ಟಿದ್ದು ಬಸ್ಸಿನ ತಪ್ಪು. ಅದನ್ನ ನಂಬ್ಕೊಂಡು ಇವತ್ತು ಹೊರಟಿದ್ದು ನಿನ್ನ ತಪ್ಪು. ನೆನ್ನೇನೇ ಬಂದಿರಬೇಕಿತ್ತು ಕಣಮ್ಮ.”

ಸಂಜೆ ಜವಾನನ ಕೈಲಿ ಹೇಳಿ ಕಳಿಸಿದರು: ಹೊಸ ಟೀಚರಿಗೆ ಮನೆ ಆಗಿಲ್ಲವೆಂದರೆ ತಮ್ಮ ಮನೆಯ ನಡುವಿನ ಪೋರ್ಷನ್ ಖಾಲಿ ಇದೆ, ಬಂದು ನೋಡಲಿ. ಹೋಗಿ ನೋಡಿದೆ, ಅಲ್ಲೇ ಉಳಿದೆ. ಎಂಬತ್ತರ ದಶಕ ಅರ್ಧ ಕಳೆದಿದ್ದ ಕಾಲ ಅದು. ಆ ಮನೆಯಲ್ಲಿ ನಾನು ಮದುವೆಯಾಗುವ ತನಕ ಇದ್ದೆ, ಮದುವೆಯಾದ ಮೇಲೂ ಕೆಲವು ವರ್ಷ ಇದ್ದೆ.

ಅವರು ತೀರಿಕೊಂಡಾಗ ಶಾಲೆಯಲ್ಲಿ ಒಂದು ಸಭೆ ಮಾಡಿದರು. ಮಾತಾಡಿದವರೆಲ್ಲ ಅವರ ಶಿಸ್ತು, ಅವರ ಪ್ರಾಮಾಣಿಕತೆ, ಬಡ ಹುಡುಗಿಯರಿಗೆ ಅವರು ಗುಟ್ಟಾಗಿ ಕಟ್ಟುತ್ತಿದ್ದ ಪರೀಕ್ಷೆ ಫೀಸು, ಇವನ್ನೇ ಹೇಳಿದರು. ಎಲ್ಲವೂ ನಿಜ. ಆದರೆ ನಾನು ಕಂಡ ಆ ಹೆಂಗಸು ಹೆಗಲ ಮೇಲೆ ಒಂದು ತಪ್ಪನ್ನು ಹೊತ್ತು, ಅದನ್ನು ಇಳಿಸುವ ಜಾಗ ಸಿಗದೆ ಊರೂರು ಅಲೆದವರು. ಅದನ್ನು ಯಾರೂ ಹೇಳಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನಲ್ಲೂ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ದೊಡ್ಡ ಮೇಡಂ.

ಕುಳ್ಳಗೆ ಗಟ್ಟಿಮುಟ್ಟಾದ ಮೈಕಟ್ಟು. ಗಂಜಿ ಹಾಕಿದ ಕಾಟನ್ ಸೀರೆ. ಕೈಗಡಿಯಾರದ ಮುಖ ಮಣಿಕಟ್ಟಿನ ಒಳಗಡೆಗೆ. ಮನೆಮಾತು ತೆಲುಗು. ಶಾಲೆಯಲ್ಲಿ ಅಚ್ಚ ಕನ್ನಡ ಆಡುತ್ತಿದ್ದವರು ಸಿಟ್ಟು ಬಂದರೆ ಮಾತ್ರ ತೆಲುಗಿಗೆ ಇಳಿಯುತ್ತಿದ್ದರು. ಹುಡುಗಿಯರು ಆ ಭಾಷೆ ಕೇಳಿಸಿದ ಕೂಡಲೇ ಬೆಂಚಿನಲ್ಲಿ ನೆಟ್ಟಗೆ ಕೂರುತ್ತಿದ್ದರು. ಸರ್ವೆ ಇಲಾಖೆಯಲ್ಲಿದ್ದ ಗಂಡ ಚಿಕ್ಕ ವಯಸ್ಸಿಗೇ ಹೋಗಿದ್ದರು. ಮಕ್ಕಳಿರಲಿಲ್ಲ. ಮಾವ ಕಟ್ಟಿಸಿದ ಈ ಉದ್ದನೆಯ ಮನೆ ಅವರಿಗೆ ಬಂದಿತ್ತು; ಚಿಂತಾಮಣಿಯಲ್ಲಿ ತವರಿನ ಕಡೆಯಿಂದ ಬಂದ ಎರಡು ಮಳಿಗೆಗಳಿದ್ದವು. ಸಂಬಳದ ಜೊತೆಗೆ ಬಾಡಿಗೆಯೂ ಸೇರಿ, ನಮ್ಮ ಶಾಲೆಯಲ್ಲಿ ಆದಾಯ ತೆರಿಗೆ ಕಟ್ಟುತ್ತಿದ್ದವರು ಅವರೊಬ್ಬರೇ. ಅದರ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಕಟ್ಟುವವಳಿಗೆ ಮಾತ್ರ ಸರ್ಕಾರವನ್ನು ಬೈಯುವ ಹಕ್ಕು ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು.

ಮನೆ ಬೀದಿಯಿಂದ ಹಿಂದಿನ ಓಣಿಯ ತನಕ ರೈಲುಗಾಡಿಯ ಹಾಗೆ ಚಾಚಿಕೊಂಡಿತ್ತು. ಮುಂದುಗಡೆ ಅವರು, ನಡುವೆ ನಾನು, ಹಿಂದುಗಡೆ ಶಾಹಿದಾ. ಶಾಹಿದಾಳ ಗಂಡ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಅವಳು ಓಣಿಯಾಚೆಯ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ಕುದಿಯುವ ನೀರಿನಲ್ಲಿ ಕುಣಿಯುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ಓಡುವ ನೂಲಿಗೆ ಎಸೆದು ಅಂಟಿಸಬೇಕು. ಅದರಲ್ಲಿ ಅವಳನ್ನು ಮೀರಿಸಿದವರು ಆ ಬೀದಿಯಲ್ಲಿ ಇರಲಿಲ್ಲವಂತೆ. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳಿರಬೇಕು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಮಣ್ಣಿನ ದಪ್ಪ ಗೋಡೆಯ ಮನೆ, ಗೋಡೆಗೇನೂ ಆಗಿರಲಿಲ್ಲ. ಕೆಟ್ಟಿದ್ದು ಕಿಟಕಿ, ಬಾಗಿಲು. ಮಾವನವರ ಕಾಲದ ಚೌಕಟ್ಟುಗಳಿಗೆ ಗೆದ್ದಲು ಹಿಡಿದಿತ್ತು. ಮಳೆಗಾಲದಲ್ಲಿ ಕಿಟಕಿಯ ರೆಕ್ಕೆಗಳು ಊದಿಕೊಂಡು ಮುಚ್ಚಿದರೆ ತೆರೆಯವು, ತೆರೆದರೆ ಮುಚ್ಚವು. ಚಳಿಗಾಲದಲ್ಲಿ ನಂದಿ ಕಡೆಯಿಂದ ಬೀಸುವ ಗಾಳಿ ಸಂದಿಗಳಲ್ಲಿ ಸಿಳ್ಳೆ ಹಾಕುತ್ತಿತ್ತು. ನಾನು ಹಳೇ ಪ್ರಶ್ನೆಪತ್ರಿಕೆಗಳನ್ನು ಸುತ್ತಿ ಸಂದಿಗೆ ತುರುಕುತ್ತಿದ್ದೆ. ಶಾಹಿದಾಳಿಗೆ ಕೈಗೂಸಿದ್ದುದರಿಂದ ಅವಳು ಬಾಗಿಲ ಬುಡಕ್ಕೆ ಗೋಣಿ ತುಂಬಿ, ಕೋಣೆಯಲ್ಲಿ ಇದ್ದಿಲ ಒಲೆ ಹಾಕಿಟ್ಟುಕೊಳ್ಳುತ್ತಿದ್ದಳು. ಅರ್ಧ ಇದ್ದಿಲು ಓಣಿಯನ್ನು ಬೆಚ್ಚಗೆ ಮಾಡೋಕೇ ಹೋಗುತ್ತೆ ಅಕ್ಕಾ ಎಂದು ನಗುತ್ತಿದ್ದಳು.

ಕಿಟಕಿಯ ವಿಷಯ ಅವಳು ಮೇಡಂಗೆ ಹೇಳಿದ್ದಳು. ಒಂದು ಸಲ ನನ್ನೆದುರಿಗೇ ಹೇಳಿದಳು. ಮೇಡಂ ಇಲ್ಲವೆನ್ನಲಿಲ್ಲ, ಬೇಸಿಗೆ ರಜಾಕ್ಕೆ ಎಲ್ಲಾ ತೆಗೆಸಿ ಹೊಸದು ಹಾಕಿಸೋಣ ಕಣಮ್ಮ ಎಂದರು. ಬಡಗಿಯನ್ನು ಕರೆಸಿ ಅಳತೆಯನ್ನೂ ತೆಗೆಸಿದರು. ಅವನು ಮರದ ರೇಟು ಹೇಳಿದಾಗ ಸ್ವಲ್ಪ ಯೋಚಿಸಿ, ಮುಂದಿನ ವರ್ಷ ನೋಡೋಣ ಎಂದು ಕಳಿಸಿದರು. ಅವರು ಜಿಪುಣರಲ್ಲ. ಆದರೆ ಆಳುಗಳು, ಧೂಳು, ಮನೆಯೆಲ್ಲ ಅಸ್ತವ್ಯಸ್ತ ಆಗುವುದು ಅವರಿಗೆ ಆಗುತ್ತಿರಲಿಲ್ಲ. ನಾಳೆ ಮಾಡಿದರಾಯಿತು ಎಂಬ ಮಾತು ಶಾಲೆಯಲ್ಲಿ ಅವರ ಬಾಯಿಂದ ಯಾವತ್ತೂ ಬಂದದ್ದಿಲ್ಲ. ಮನೆಯ ವಿಷಯಕ್ಕೆ ಮಾತ್ರ ಬರುತ್ತಿತ್ತು.

ಆ ವರ್ಷ ತೆರಿಗೆ ಲೆಕ್ಕ ಮಾಡಿಸಲು ಚಿಕ್ಕಬಳ್ಳಾಪುರದ ಆಡಿಟರ್ ಹತ್ತಿರ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಆಡಿಟರ್ ಬಸ್ ನಿಲ್ದಾಣದ ಹಿಂದಿನ ಮಹಡಿಯ ಮೇಲೆ ಕೂರುತ್ತಿದ್ದ ಹಸನ್ಮುಖಿ. ಬಾಡಿಗೆ ವರಮಾನದ ಆರನೇ ಒಂದು ಪಾಲನ್ನು ಮನೆ ರಿಪೇರಿಗೆಂದು ಕಳೆದಿದ್ದೇನೆ, ಅಷ್ಟಕ್ಕೆ ತೆರಿಗೆ ಇಲ್ಲ ಎಂದು ವಿವರಿಸಿದರು. ಮೇಡಂ ತಡೆದರು. ನಾನು ರಿಪೇರಿ ಮಾಡಿಸಿಲ್ಲವಲ್ಲ ಎಂದರು.

“ನೀವು ಮಾಡಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಮೇಡಂ. ಬಿಲ್ಲು ಯಾರೂ ಕೇಳಲ್ಲ. ಹಳೇ ಮನೆ ಅಂದ್ರೆ ರಿಪೇರಿ ಇದ್ದೇ ಇರುತ್ತೆ ಅಂತ ಕಾನೂನೇ ಕೊಟ್ಟಿದೆ. ಪ್ರತಿ ವರ್ಷಾನೂ ಕಳೀತಾನೇ ಇದ್ದೀನಲ್ಲ.”

ಮೇಡಂ ಹುಬ್ಬೇರಿಸಿದರು, ಆಮೇಲೆ ನಕ್ಕರು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಅದನ್ನೊಂದು ತಮಾಷೆಯ ಸಂಗತಿಯಾಗಿ ಹೇಳಿದರು: ನಮ್ಮ ಸರ್ಕಾರ ಎಷ್ಟು ಒಳ್ಳೇದು ನೋಡಿ, ನಾನು ಹಾಕಿಸದ ಬಾಗಿಲಿಗೂ ದುಡ್ಡು ಬಿಡುತ್ತೆ. ನಾವೆಲ್ಲ ನಕ್ಕೆವು. ಅದು ಕಳ್ಳತನವೂ ಅಲ್ಲ, ಸುಳ್ಳೂ ಅಲ್ಲ. ಕಾನೂನು ತಾನಾಗಿ ಕೊಟ್ಟ ರಿಯಾಯಿತಿ. ಆಗ ನಮಗ್ಯಾರಿಗೂ ಅದರಲ್ಲಿ ನಗುವುದಕ್ಕಿಂತ ಹೆಚ್ಚಿನದೇನೂ ಕಾಣಲಿಲ್ಲ.

ದಸರಾ ರಜೆ ಮುಗಿದು ಶಾಲೆ ಶುರುವಾದ ಮೊದಲ ಭಾನುವಾರ. ಬೆಳಿಗ್ಗೆಯಿಂದಲೇ ಜೋರು ಮಳೆ. ಹಿಂದಿನ ಪೋರ್ಷನ್ನಿನಿಂದ ಏನೋ ಬಿದ್ದ ಸದ್ದಾಯಿತು, ಹಿಂದೆಯೇ ಶಾಹಿದಾಳ ಕೂಗು. ನಾನು ಓಡಿದೆ. ಇರಚಲು ಒಳಗೆ ಬರುತ್ತಿದೆಯೆಂದು ಅವಳು ಕಿಟಕಿ ಮುಚ್ಚಲು ಹೋಗಿದ್ದಾಳೆ. ರೆಕ್ಕೆ ಸಿಕ್ಕಿಕೊಂಡಿದೆ. ಬಲವಾಗಿ ಎಳೆದಾಗ ಗೆದ್ದಲು ತಿಂದ ಚೌಕಟ್ಟು ಕಬ್ಬಿಣದ ಸರಳುಗಳ ಸಮೇತ ನೆನೆದ ಗೋಡೆಯಿಂದ ಕಿತ್ತು ಬಂದು ಅವಳ ಬಲಗೈ ಮೇಲೆ ಬಿದ್ದಿದೆ. ಕೂಸು ಮಂಚದ ಮೇಲಿತ್ತು, ಅದಕ್ಕೇನೂ ಆಗಿರಲಿಲ್ಲ. ನಾನು ಚೌಕಟ್ಟನ್ನು ಎತ್ತಲು ಒದ್ದಾಡುತ್ತಿದ್ದಾಗ ಮೇಡಂ ಬಂದರು. ಇಬ್ಬರೂ ಸೇರಿ ಎತ್ತಿದೆವು. ಮರದ ಒಂದು ತುಂಡು ಮೇಡಂ ಕೈಯಲ್ಲಿ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಅವರು ಆ ಪುಡಿಯನ್ನೇ ನೋಡುತ್ತ ಒಂದು ಕ್ಷಣ ನಿಂತುಬಿಟ್ಟರು. ನಾನು “ಮೇಡಂ, ಆಟೋ!” ಎಂದು ಕೂಗಬೇಕಾಯಿತು.

ಊರಿನ ಆಸ್ಪತ್ರೆಯಿಂದ ಬೆಂಗಳೂರಿಗೆ ಕಳಿಸಿದರು. ಮೇಡಂ ರಜೆ ಹಾಕಿ ಜೊತೆಗೇ ಇದ್ದರು. ಖರ್ಚೆಲ್ಲ ಅವರೇ ನೋಡಿಕೊಂಡರು. ಮೂಳೆ ಕೂಡಿತು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಶಾಹಿದಾಳ ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಮುಟ್ಟುತ್ತಿರಲಿಲ್ಲ. ನಡುವೆ ಒಂದು ಕಡಲೆಕಾಳು ಹಿಡಿಸುವಷ್ಟು ಸಂದಿ ಉಳಿದುಬಿಟ್ಟಿತು. ಬೇರೆ ಕೆಲಸವಾಗಿದ್ದರೆ ಹೇಗೋ ನಡೆಯುತ್ತಿತ್ತು. ರೇಷ್ಮೆಯ ಎಳೆ ಹಿಡಿಯುವ ಕೈಗೆ ಅಷ್ಟು ಸಂದಿ ಅಂದರೆ ಮುಗಿಯಿತು.

ಅವಳು ಆಸ್ಪತ್ರೆಯಿಂದ ಬರುವ ಮೊದಲೇ ಮೇಡಂ ಬಡಗಿಗಳನ್ನು ಕರೆಸಿದ್ದರು. ಧೂಳಿನ ಮಾತೇ ಬರಲಿಲ್ಲ. ಹಿಂದಿನ ಪೋರ್ಷನ್ನಿನಿಂದ ಶುರುಮಾಡಿ ನನ್ನ ಪೋರ್ಷನ್ನಿನ ತನಕ ಪ್ರತಿಯೊಂದು ಕಿಟಕಿ, ಪ್ರತಿಯೊಂದು ಬಾಗಿಲು ಹೊಸದಾಯಿತು. ಒಳ್ಳೆ ಮತ್ತಿ ಮರದ ಚೌಕಟ್ಟು, ಗಾಜಿನ ರೆಕ್ಕೆ. ಮುಚ್ಚಿದರೆ ಕೂದಲೆಳೆಯಷ್ಟೂ ಗಾಳಿ ಬಾರದ ಹಾಗೆ ಅಂಚಿಗೆ ಪಟ್ಟಿ. ಆ ಚಳಿಗಾಲದಲ್ಲಿ ಶಾಹಿದಾ ಇದ್ದಿಲ ಒಲೆ ಹಾಕಲಿಲ್ಲ. ನಾನು ಹಗಲು ಹೊತ್ತು ಲೈಟು ಹಾಕುವುದು ತಪ್ಪಿತು. ಊರಿನವರು ಬಂದು ನೋಡಿ ಹೊಗಳಿ ಹೋದರು. ಮುಂದುಗಡೆ ತಮ್ಮ ಪೋರ್ಷನ್ನಿನಲ್ಲಿ ಮಾತ್ರ ಅವರು ಒಂದು ಮೊಳೆಯನ್ನೂ ಹೊಡೆಸಲಿಲ್ಲ. ಹಳೇ ಕಿಟಕಿಯ ಪಕ್ಕದಲ್ಲೇ ಸ್ವೆಟರ್ ಹಾಕಿಕೊಂಡು, ಕೆಮ್ಮುತ್ತ ಉತ್ತರಪತ್ರಿಕೆ ತಿದ್ದುತ್ತಿದ್ದರು. ಏಕೆ ಮೇಡಂ ಎಂದು ಒಮ್ಮೆ ಕೇಳಿದೆ. ನಂದು ಗಟ್ಟಿಯಾಗಿದೆ ಎಂದರು. ಗಟ್ಟಿಯಾಗಿರಲಿಲ್ಲ.

ಅಲ್ಲಿಂದ ಅವರಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಯಾರ ಮನೆಗೆ ಹೋದರೂ ಕೂರುವ ಮೊದಲು ಕಿಟಕಿಯ ಚೌಕಟ್ಟಿನ ಮೇಲೆ ಹೆಬ್ಬೆರಳು ಒತ್ತಿ ನೋಡುವುದು. ಒಳಗೆ ಟೊಳ್ಳಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಗೊತ್ತಾದರೆ ಬಿಡುತ್ತಿರಲಿಲ್ಲ. ಗೌರಿಬಿದನೂರಿನ ಛತ್ರದಲ್ಲಿ ನನ್ನ ಮದುವೆಯಾದಾಗ, ಹೆಣ್ಣಿನ ಕೋಣೆಯ ಬಾಗಿಲಿನ ತಿರುಗಣಿ ಸಡಿಲವಾಗಿದೆಯೆಂದು ಛತ್ರದ ಮ್ಯಾನೇಜರನ್ನು ಹಿಡಿದು ನಿಲ್ಲಿಸಿ, ಅದು ಸರಿಯಾಗುವ ತನಕ ಯಾರನ್ನೂ ಒಳಗೆ ಬಿಡಲಿಲ್ಲ. ನನ್ನ ಅತ್ತೆಯ ಕಡೆಯವರು ಯಾರು ಈಕೆ ಎಂದು ಪಿಸುಗುಟ್ಟಿದರು. ಶಾಲೆಯಲ್ಲಿ ಟೀಚರುಗಳು ಬೆನ್ನ ಹಿಂದೆ ನಗುತ್ತಿದ್ದರು. ನಾನೂ ಒಂದೆರಡು ಸಲ ನಕ್ಕಿದ್ದೇನೆ.

ಹಿಂದಿನ ಪೋರ್ಷನ್ನಿಗೆ ಅವರು ಪ್ರತಿ ಸಂಜೆ ಹೋಗುತ್ತಿದ್ದರು. ಬಿಸಿ ಎಣ್ಣೆ ತೆಗೆದುಕೊಂಡು ಹೋಗಿ ಶಾಹಿದಾಳ ಬೆರಳುಗಳನ್ನು ಒಂದೊಂದಾಗಿ ನೀವುವುದು, ಮಡಿಸುವುದು, ಬಿಡಿಸುವುದು. ಶಾಹಿದಾಳಿಗೆ ಅದು ಮುಜುಗರ. ನೀವು ಮಾಡಬೇಡಿ ಮೇಡಂ ಎನ್ನುತ್ತಿದ್ದಳು. ನನ್ನಿಂದ ಹೀಗಾಯಿತು ಎಂದು ಮೇಡಂ ಅಂದರೆ, ಇಲ್ಲ ಮೇಡಂ, ನಸೀಬು ಎನ್ನುತ್ತಿದ್ದಳು. ಅವಳ ಗಂಡನೂ ಅದನ್ನೇ ಹೇಳುತ್ತಿದ್ದ: ಹಳೇ ಮನೆ, ಜೋರು ಮಳೆ, ಯಾರೇನು ಮಾಡೋಕಾಗುತ್ತೆ, ಅಲ್ಲಾನ ಮರ್ಜಿ. ಬಾಡಿಗೆ ಬೇಡವೆಂದರೂ ಅವನು ತಪ್ಪದೆ ತಂದು ಕೊಡುತ್ತಿದ್ದ. ಅವರ ಈ ಒಳ್ಳೆಯತನದಿಂದ ಮೇಡಂ ಮುಖ ಇನ್ನಷ್ಟು ಕಪ್ಪಿಡುತ್ತಿತ್ತು.

ಒಂದು ದಿನ ಬಟ್ಟೆ ಒಣಗಿಸುವಾಗ ಶಾಹಿದಾ ನನಗೆ ಹೇಳಿದಳು:

“ಅಕ್ಕಾ, ಮೇಡಂ ಮುಖ ನೋಡಿದ್ರೆ ನನ್ನ ಕೈಗಿಂತ ಅವರಿಗೇ ಜಾಸ್ತಿ ನೋವು ಅನ್ಸುತ್ತೆ. ದಿನಾ ಬಂದು ಕೂತ್ಕೊಂಡು ಕಣ್ಣಲ್ಲಿ ನೀರು ಹಾಕಿದ್ರೆ ನಾನೇನು ಹೇಳ್ಲಿ? ನಂಗೆ ಕೋಪ ಮಾಡ್ಕೊಳೋಕೂ ಜಾಗ ಬಿಡ್ತಿಲ್ಲ ಅವರು.”

ಈ ಮಾತನ್ನು ನಾನು ಮೇಡಂಗೆ ಮುಟ್ಟಿಸಲಿಲ್ಲ. ಮುಟ್ಟಿಸಬೇಕು ಎಂದು ಹೊಳೆಯಲೂ ಇಲ್ಲ.

ಮುಂದಿನ ಸಲ ಆಡಿಟರ್ ಹತ್ತಿರ ಹೋದಾಗಲೂ ನಾನು ಜೊತೆಯಲ್ಲಿದ್ದೆ. ಆಡಿಟರ್‌ಗೆ ಹೊಸ ಕಿಟಕಿ ಬಾಗಿಲುಗಳ ಸುದ್ದಿ ಗೊತ್ತಾಗಿತ್ತು. ಇಷ್ಟು ಖರ್ಚು ಮಾಡಿದ್ದೀರಿ, ಆದರೂ ಕಳೆಯಲು ಬರುವುದು ಅದೇ ಆರರಲ್ಲೊಂದು ಪಾಲು ಮಾತ್ರ ಎಂದು ಅವರೇ ಬೇಸರಪಟ್ಟುಕೊಂಡರು. ಮೇಡಂ ಅದೂ ಬೇಡ ಎಂದರು. ಇದುವರೆಗೆ ಕಳೆದದ್ದನ್ನೆಲ್ಲ ಸೇರಿಸಿ ವಾಪಸು ಕಟ್ಟುತ್ತೇನೆ, ಅದಕ್ಕೆ ದಾರಿ ಹೇಳಿ ಎಂದರು. ಆಡಿಟರ್ ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ಹಾಗೆ ಕಟ್ಟುವ ದಾರಿ ತಾವು ಇಷ್ಟು ವರ್ಷದಲ್ಲಿ ಯಾರಿಗೂ ಹುಡುಕಿಕೊಟ್ಟಿಲ್ಲ, ಬೇಕಾದರೆ ಕೋಲಾರದ ತೆರಿಗೆ ಕಚೇರಿಯಲ್ಲಿ ಕೇಳಿ ಎಂದರು.

ಕೋಲಾರಕ್ಕೂ ಹೋದೆವು. ಅಲ್ಲಿದ್ದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಎದ್ದು ನಿಂತು ಮೇಡಂಗೆ ಕುರ್ಚಿ ಕೊಟ್ಟರು. ಮೇಡಂ ನಡೆದದ್ದನ್ನೆಲ್ಲ, ಶಾಹಿದಾಳ ಬೆರಳಿನ ಸಂದಿಯ ತನಕ, ಪಾಠ ಒಪ್ಪಿಸುವವರ ಹಾಗೆ ಹೇಳಿದರು. ರಿಪೇರಿಗೆ ಎಂದು ನನಗೆ ಬಿಟ್ಟ ದುಡ್ಡು ನಾನು ಇಟ್ಟುಕೊಂಡೆ, ಮನೆಗೆ ಹಾಕಲಿಲ್ಲ, ಆದ್ದರಿಂದ ಇದು ನನ್ನ ಅಪರಾಧ, ದಂಡ ಹಾಕಿ ಎಂದರು. ಅಧಿಕಾರಿ ತಾಳ್ಮೆಯಿಂದ ಕೇಳಿದರು.

“ಅಮ್ಮಾ, ನಮ್ಮ ಹತ್ರ ಬರೋರೆಲ್ಲ ಕಮ್ಮಿ ಮಾಡಿ ಅಂತ ಬರ್ತಾರೆ. ಜಾಸ್ತಿ ಮಾಡಿ ಅಂತ ಬಂದೋರು ನೀವೊಬ್ರೇ. ಆದ್ರೆ ನೀವು ಕಾನೂನು ಪ್ರಕಾರ ಒಂದು ಚೂರೂ ತಪ್ಪು ಮಾಡಿಲ್ಲ. ತಪ್ಪೇ ಇಲ್ದೆ ನಾನು ಏನಂತ ದಂಡ ಹಾಕ್ಲಿ?”

“ಹಾಗಾದ್ರೆ ಇದನ್ನ ಎಲ್ಲಿ ಹೇಳ್ಬೇಕಪ್ಪ ನಾನು?” ಎಂದರು ಮೇಡಂ.

ಅಧಿಕಾರಿ ಕಾಫಿ ತರಿಸಿದರು. ಮೇಡಂ ಕುಡಿಯಲಿಲ್ಲ.

ವಾಪಸು ಬರುವಾಗ ಚಿಂತಾಮಣಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ತುಂಬ ಕೈವಾರಕ್ಕೆ ಹೋಗುವ ಜನ, ತಾಳ ಹಿಡಿದ ಒಂದು ಭಜನೆ ತಂಡ. ಮೇಡಂ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅವರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ನೀನಾದ್ರೂ ಹೇಳಮ್ಮ. ಅವಳು ಬಂದು ಕೇಳಿದಾಗ ನೀನೂ ಇದ್ದೆ. ನನ್ನ ತಪ್ಪು ಅಲ್ವಾ?” ಎಂದರು.

ನಾನು ಎಲ್ಲರೂ ಹೇಳಿದ್ದನ್ನೇ ಹೇಳಿದೆ. ನಿಮ್ಮ ತಪ್ಪಲ್ಲ ಬಿಡಿ ಮೇಡಂ, ನೀವು ಎಷ್ಟೊಂದು ಮಾಡಿದ್ದೀರಿ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವರು ತಲೆ ಆಡಿಸಿ, ಬಸ್ಸು ಬಂತು ಏಳು ಎಂದರು. ಹುಡುಗಿಯರು ಮಾಡಿದ ಸಣ್ಣ ತಪ್ಪಿಗೂ ಹೆಸರಿಟ್ಟು ಹೇಳಿ, ಅಲ್ಲಿಗೆ ಮುಗಿಸಿ, ಮಾರನೇ ದಿನ ಮರೆತುಬಿಡುತ್ತಿದ್ದ ಹೆಂಗಸು ಅವರು. ತಮ್ಮದಕ್ಕೆ ಹಾಗೆ ಹೆಸರಿಡುವ ಒಬ್ಬರೂ ಅವರಿಗೆ ಸಿಗುತ್ತಿರಲಿಲ್ಲ. ನಾವೆಲ್ಲ ಸಮಾಧಾನ ಹೇಳಿ ಹೇಳಿ ಅವರನ್ನು ಅದರೊಳಗೇ ಕೂಡಿಹಾಕುತ್ತಿದ್ದೆವು. ಇದು ನನಗೆ ಆ ಬಸ್ಸಿನಲ್ಲಿ ತಿಳಿಯಲಿಲ್ಲ.

ಹೀಗೇ ವರ್ಷಗಳು ಹೋದವು. ಶಾಹಿದಾ ಎಡಗೈಯಲ್ಲಿ ಅಡುಗೆ ಮಾಡುವುದನ್ನು, ಹೊಲಿಗೆ ಯಂತ್ರದಲ್ಲಿ ಹೊಲಿಯುವುದನ್ನು ಕಲಿತಳು. ಅವಳ ಮಗಳು ನಮ್ಮ ಬೀದಿಯ ಕನ್ನಡ ಶಾಲೆಗೆ ಸೇರಿದಳು. ಮೇಡಂ ಸಂಜೆ ಎಣ್ಣೆ ತೆಗೆದುಕೊಂಡು ಹೋಗುವುದು ನಿಲ್ಲಲಿಲ್ಲ. ಇನ್ನು ಆ ಬೆರಳುಗಳು ಮಡಚವು ಎಂದು ಇಬ್ಬರಿಗೂ ಗೊತ್ತಾದ ಮೇಲೂ ನಿಲ್ಲಲಿಲ್ಲ.

ತೊಂಬತ್ತರ ದಶಕ ಶುರುವಾದ ಮೇಲೆ ಅವರ ನಿವೃತ್ತಿ ಬಂತು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ದೊಡ್ಡ ಸಮಾರಂಭ ಮಾಡಿದೆವು. ಹಳೆಯ ವಿದ್ಯಾರ್ಥಿನಿಯರು ಮಕ್ಕಳನ್ನೆತ್ತಿಕೊಂಡು ಬಂದಿದ್ದರು. ಶಾಹಿದಾ ಹಿಂದಿನ ಸಾಲಿನಲ್ಲಿ ಮಗಳ ಜೊತೆ ಕೂತಿದ್ದಳು. ಭಾಷಣ ಮಾಡಿದ ಊರಿನ ಹಿರಿಯರೊಬ್ಬರು ಮೇಡಂ ಉದಾರತೆಗೆ ಉದಾಹರಣೆಯಾಗಿ ಕಿಟಕಿ ಬಾಗಿಲುಗಳ ಕತೆಯನ್ನೇ ಎತ್ತಿಕೊಂಡರು. ಬಾಡಿಗೆಗಿದ್ದ ಬಡ ಹೆಣ್ಣುಮಗಳಿಗೆ ಆಕಸ್ಮಿಕವಾಗಿ ಪೆಟ್ಟಾದಾಗ ಈ ತಾಯಿ ಇಡೀ ಮನೆಯ ಬಾಗಿಲುಗಳನ್ನೇ ಬದಲಿಸಿದರು, ಇಂಥ ಮಾಲೀಕರು ಎಲ್ಲಿ ಸಿಗುತ್ತಾರೆ ಎಂದರು. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಮೇಡಂ ತಲೆ ತಗ್ಗಿಸಿದರು. ಜನ ಅದನ್ನು ವಿನಯ ಎಂದುಕೊಂಡಿರಬೇಕು. ನಾನು ಹಿಂದಿನ ಸಾಲಿನ ಕಡೆ ನೋಡಿದೆ. ಶಾಹಿದಾ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹಾರಗಳನ್ನು ನಾನು ಎತ್ತಿಕೊಂಡು ಬಂದಿದ್ದೆ. ಮೇಡಂ ಕೈಕಾಲು ತೊಳೆಯಲೂ ಇಲ್ಲ, ಸೀದಾ ಹಿಂದಿನ ಪೋರ್ಷನ್ನಿಗೆ ಹೋದರು. ಏನೋ ಅನ್ನಿಸಿ ನಾನೂ ಹಿಂದೆ ಹೋದೆ. ಶಾಹಿದಾ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಮೇಡಂ ಅವಳೆದುರು ನಿಂತು, ಅವರು ಹೊಗಳಿದ್ದು ಕೇಳಿ ನಾಚಿಕೆಯಿಂದ ಸತ್ತುಹೋದೆ ಕಣಮ್ಮ, ಎದ್ದು ನಿಂತು ಅಲ್ಲೇ ನಿಜ ಹೇಳಿಬಿಡಬೇಕಿತ್ತು, ಹೇಳಲಿಲ್ಲ ಎಂದರು. ಎಂದಿನಂತೆ ಶಾಹಿದಾ ನಸೀಬು ಎನ್ನುತ್ತಾಳೆಂದು ನಾನು ಕಾದೆ.

ಅವಳು ಮೊರ ಕೆಳಗಿಟ್ಟಳು.

“ಹೌದು ಮೇಡಂ. ಹೇಳ್ಬೇಕಿತ್ತು. ಆಕಸ್ಮಿಕ ಅಂದ್ರು ಅವರು. ಯಾವ ಆಕಸ್ಮಿಕ? ನಾನು ಯುಗಾದಿಗೆ ಮುಂಚೆ ನಿಮಗೆ ಹೇಳಿದ್ದೆ. ರಂಜಾನ್ ಮುಗಿದ ಮೇಲೆ ಹೇಳಿದ್ದೆ. ಅಕ್ಕನ ಎದುರಿಗೆ ಹೇಳಿದ್ದೆ. ನೀವು ರಜಾ ಬರ್ಲಿ ಅಂದ್ರಿ. ರಜಾ ಬಂತು, ಹೋಯ್ತು. ನಿಮ್ಮಿಂದಾನೇ ಹೋಯ್ತು ನನ್ನ ಕೈ.”

ಅವಳ ದನಿ ಏರಲಿಲ್ಲ. ಅಷ್ಟು ಸಣ್ಣ ದನಿಯಲ್ಲಿ ಅಷ್ಟು ಸಿಟ್ಟು ಇರಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ನಡುವೆ ಬಾಯಿ ಹಾಕಲು ಹೋದೆ. ಮೇಡಂ ಕೈ ಎತ್ತಿ ನನ್ನನ್ನು ತಡೆದರು. ಆ ಹೊಸ ಬಾಗಿಲಿನ ಹೊಸ್ತಿಲ ಹೊರಗೆ, ರೇಷ್ಮೆ ಸೀರೆಯಲ್ಲೇ, ನೆಲದ ಮೇಲೆ ಕೂತರು.

“ಹೂಂ. ಇನ್ನೂ ಹೇಳು,” ಎಂದರು.

ಶಾಹಿದಾ ಹೇಳಿದಳು. ಮಗಳಿಗೆ ಜಡೆ ಹೆಣೆಯಲು ಬಾರದ್ದು. ಫಿಲೇಚರಿನ ಸೈರನ್ನು ಕೂಗಿದಾಗಲೆಲ್ಲ ಎದ್ದು ನಿಲ್ಲುವ ಹಾಗಾಗುವುದು. ಕೈತುಂಬ ದುಡಿಯುತ್ತಿದ್ದವಳು ಈಗ ಗಂಡನ ಹತ್ತಿರ ಬಳೆಗೂ ದುಡ್ಡು ಕೇಳಬೇಕಾದ್ದು. ಕೊನೆಗೆ, ದಿನಾ ಎಣ್ಣೆ ತರಬೇಡಿ ಮೇಡಂ, ನಿಮ್ಮ ಸಮಾಧಾನಕ್ಕೆ ನನ್ನ ಕೈ ಕೊಟ್ಟು ಕೊಟ್ಟು ಸಾಕಾಗಿದೆ ಎಂದಳು. ಮೇಡಂ ಒಂದಕ್ಕೂ ಎದುರು ಹೇಳಲಿಲ್ಲ, ಅಳಲಿಲ್ಲ, ಕ್ಷಮಿಸು ಎಂದೂ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ, “ಸರಿ ಕಣಮ್ಮ. ನನ್ನಿಂದಾನೇ ಆಯ್ತು” ಎಂದು ಎದ್ದರು. ಮೊಣಕಾಲು ಹಿಡಿದುಕೊಂಡಿತ್ತು. ಶಾಹಿದಾ ಎಬ್ಬಿಸಲು ಬರಲಿಲ್ಲ. ಗೋಡೆ ಹಿಡಿದು ತಾವೇ ಎದ್ದು ಹೋದರು.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಶಾಹಿದಾ ತಿಂಗಳುಗಟ್ಟಲೆ ಅವರೊಂದಿಗೆ ಮಾತಾಡಲಿಲ್ಲ. ಎದುರಿಗೆ ಸಿಕ್ಕರೆ ಸೆರಗು ಎಳೆದುಕೊಂಡು ಸರಿದು ಹೋಗುತ್ತಿದ್ದಳು. ಮೇಡಂ ಅವಳ ಬೆನ್ನು ಹತ್ತಲಿಲ್ಲ. ಸಂಜೆ ಹಿಂದಿನ ಪೋರ್ಷನ್ನಿಗೆ ಹೋಗುವುದು ನಿಂತಿತು. ಆದರೆ ಅವರು ಊಟ ಮಾಡುವುದು ಹೆಚ್ಚಾಯಿತು. ಅದು ನನ್ನ ಕಣ್ಣಿಗೆ ಬಿತ್ತು, ಏಕೆಂದರೆ ನಾನು ಕೊಟ್ಟ ಸಾರನ್ನು ಅರ್ಧಕ್ಕೇ ಬಿಡುತ್ತಿದ್ದವರು ಈಗ ಅದಕ್ಕೆ ಉಪ್ಪು ಕಮ್ಮಿ ಎಂದು ಬೈಯಲು ಶುರುಮಾಡಿದರು. ಇನ್ನೊಬ್ಬರ ಮನೆಯ ಚೌಕಟ್ಟು ಒತ್ತುವುದನ್ನು ಮಾತ್ರ ಬಿಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಲ್ಲಿ ನೀರಿಗೆ ತುಂಬ ಕಷ್ಟವಾಯಿತು. ಮೂರು ಪೋರ್ಷನ್ನಿಗೂ ಅಂಗಳದಲ್ಲಿ ಒಂದೇ ನಲ್ಲಿ, ಬಂದರೆ ಬೆಳಿಗ್ಗೆ ಸ್ವಲ್ಪ ಹೊತ್ತು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಅವಸರದಲ್ಲಿದ್ದೆ. ಹೊರಗೆ ಕೊಳಗ ಉರುಳಿದ ಸದ್ದು. ಹಿಂದೆಯೇ ಶಾಹಿದಾಳ ದನಿ, ಈ ಸಲ ಇಡೀ ಓಣಿಗೆ ಕೇಳುವ ಹಾಗೆ.

“ಓನರ್ ಆದ್ರೆ ನೀರೆಲ್ಲ ನಿಮ್ದೇನಾ ಮೇಡಂ? ನಾನು ಬೆಳಕು ಹರಿಯೋಕೆ ಮುಂಚೆ ಬಿಂದಿಗೆ ಇಟ್ಟು ಹೋಗಿದ್ದೀನಿ. ಅದನ್ನ ಸರಿಸಿ ನಿಮ್ಮ ಕೊಳಗ ಇಟ್ರೆ ಹೆಂಗೆ?”

ಮೇಡಂ ಈಗ ತಲೆ ತಗ್ಗಿಸಿ ಕೊಳಗ ಎತ್ತಿಕೊಂಡು ಒಳಗೆ ಹೋಗುತ್ತಾರೆ ಎಂದುಕೊಂಡೆ. ಇಷ್ಟು ವರ್ಷ ಅವರು ಶಾಹಿದಾಳಿಗೆ ಒಂದು ಎದುರು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

“ಏಮೇ, ಬಿಂದಿಗೆ ಇಟ್ಟು ನೀನು ಮಲಗೋಕೆ ಹೋದ್ರೆ ನಲ್ಲಿ ನಿನಗೋಸ್ಕರ ಕಾಯ್ತಾ ಇರುತ್ತಾ?” ಎಂದರು ಮೇಡಂ. ಅಲ್ಲಿಂದ ಮುಂದೆ ಪೂರ್ತಿ ತೆಲುಗು. ಶಾಹಿದಾ ಉರ್ದುವಿನಲ್ಲಿ ಉತ್ತರ ಕೊಟ್ಟಳು. ಒಬ್ಬರದು ಇನ್ನೊಬ್ಬರಿಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಜಗಳ ಬಿಡಿಸೋಣವೆಂದು ಹೊಸ್ತಿಲ ತನಕ ಹೋದವಳು ಅಲ್ಲೇ ನಿಂತೆ. ಮೇಡಂ ಸೊಂಟದ ಮೇಲೆ ಕೈಯಿಟ್ಟು, ಶಾಲೆಯ ಅಂಗಳದಲ್ಲಿ ನಿಲ್ಲುತ್ತಿದ್ದ ಹಾಗೆ ನಿಂತಿದ್ದರು. ಶಾಹಿದಾ ಮಡಚದ ಬಲಗೈಯನ್ನೇ ಬೀಸಿ ಬೀಸಿ ಮಾತಾಡುತ್ತಿದ್ದಳು. ಮೇಡಂ ಅದರ ಕಡೆ ನೋಡುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದರು. ನಾನು ಸದ್ದು ಮಾಡದೆ ಒಳಗೆ ಬಂದು, ಶಾಲೆಗೆ ತಡವಾಗುತ್ತಿದ್ದರೂ ಒಂದು ಲೋಟ ಕಾಫಿ ಮಾಡಿಕೊಂಡು ಕೂತೆ. ನಲ್ಲಿ ನಿಂತುಹೋಯಿತು. ಅವರಿಬ್ಬರ ದನಿ ಇನ್ನೂ ಕೇಳುತ್ತಲೇ ಇತ್ತು.